ಓಟದಿಂದ ನಿವೃತ್ತವಾದ ಗ್ರೇಹೌಂಡ್ ಮಲಗಿದ್ದಾಗ ಮುಟ್ಟಿದರೆ ಗುರುಗುಟ್ಟುತ್ತದೆ, ಒಂಟಿ ಬಿಟ್ಟರೆ ಊಳಿಡುತ್ತದೆ. ದತ್ತು ತಂದದ್ದು ತಪ್ಪಾಯಿತೇ?

ನಾಲ್ಕು ವರ್ಷದ ಗಂಡು ಗ್ರೇಹೌಂಡ್ ಮನೆಗೆ ಬಂದು ಎರಡು ವಾರವಾಯಿತು ಎಂದು ಬರೆದಿದ್ದೀರಿ. ಹಗಲೆಲ್ಲ ಮಲಗಿಯೇ ಇರುತ್ತದೆ, ಮೆಟ್ಟಿಲು ಕಂಡರೆ ಹಿಂದೆ ಸರಿಯುತ್ತದೆ, ಅಡ್ಡಾಡಿಸಲು ಕರೆದೊಯ್ದರೆ ನಡುದಾರಿಯಲ್ಲಿ ನಿಂತುಬಿಡುತ್ತದೆ, ನೀವು ಬಾಗಿಲು ಹಾಕಿಕೊಂಡು ಹೊರಟರೆ ಊಳಿಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಮಲಗಿದ್ದಾಗ ನಿಮ್ಮ ಮಗ ಬೆನ್ನು ಸವರಿದ್ದಕ್ಕೆ ಹಲ್ಲು ತೋರಿಸಿ ಗುರುಗುಟ್ಟಿದ್ದು ನಿಮ್ಮನ್ನು ಕಂಗೆಡಿಸಿದೆ. ಇಂಥದೇ ಒಂದು ಹೆಣ್ಣು ಗ್ರೇಹೌಂಡ್ ಜೊತೆ ಆರು ವರ್ಷ ಕಳೆದಿರುವ ನನಗೆ ನೀವು ಹೇಳಿದ್ದರಲ್ಲಿ ಕೆಟ್ಟ ನಾಯಿಯ ಲಕ್ಷಣ ಒಂದೂ ಕಾಣಲಿಲ್ಲ. ಬಹುಮಟ್ಟಿಗೆ ಮನೆಯೆಂಬುದನ್ನೇ ಕಾಣದೆ ಬೆಳೆದ ನಾಯಿಯೊಂದು ನಾಲ್ಕನೆಯ ವಯಸ್ಸಿನಲ್ಲಿ ಮೊದಲ ಸಲ ಮನೆಯೊಳಗೆ ಕಾಲಿಟ್ಟರೆ ಹೇಗಿರುತ್ತದೋ ನಿಮ್ಮದು ಹಾಗೆಯೇ ಇದೆ.

ಓಟದ ನಾಯಿಯ ದಿನಚರಿಯನ್ನು ಒಮ್ಮೆ ಊಹಿಸಿಕೊಳ್ಳಿ. ಒಡಹುಟ್ಟಿದ ಮರಿಗಳ ನಡುವೆ ಬೆಳೆದು, ಒಂದೂವರೆ ವರ್ಷದ ಆಸುಪಾಸಿನಲ್ಲಿ ಟ್ರ್ಯಾಕಿಗೆ ಇಳಿದ ಮೇಲೆ ಅದರ ಬದುಕೆಲ್ಲ ಸಾಲುಗೂಡುಗಳಿರುವ ಕೆನಲ್‌ನಲ್ಲಿ ಸಾಗುತ್ತದೆ. ಗೊತ್ತಾದ ಹೊತ್ತಿಗೆ ಊಟ, ಗೊತ್ತಾದ ಹೊತ್ತಿಗೆ ಹೊರಗೆ ಬಿಡುವುದು, ಮಿಕ್ಕ ಗಂಟೆಗಳೆಲ್ಲ ಗೂಡಿನೊಳಗೆ ಮಲಗುವುದು. ಗಂಟೆಗೆ 60 ಕಿಲೋಮೀಟರ್ ಮೀರಿದ ವೇಗದಲ್ಲಿ ಅದು ಓಡುತ್ತದೆ ನಿಜ, ಆದರೆ 500 ಮೀಟರ್ ಆಸುಪಾಸಿನ ಒಂದು ಓಟ ಸುಮಾರು ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ಹಗಲೆಲ್ಲ ಮಲಗುವುದನ್ನು ಕಾಯಿಲೆ ಎಂದೋ ಬೇಸರ ಎಂದೋ ತಿಳಿಯಬೇಡಿ. ಅದಕ್ಕೆ ಚೆನ್ನಾಗಿ ಬರುವ ಎರಡು ಕೆಲಸಗಳಲ್ಲಿ ನಿದ್ದೆಯೂ ಒಂದು. ಊಟ, ನೀರು ಬಿಟ್ಟು ಗೋಡೆಗೆ ಒತ್ತಿಕೊಂಡು ಕುಗ್ಗಿ ಕೂತಿದ್ದರೆ ಮಾತ್ರ ಅದು ನಿದ್ದೆಯಲ್ಲ, ಭಯ.

ಈಗ ಗುರುಗುಟ್ಟಿದ ಸಂಗತಿಗೆ ಬರೋಣ, ಏಕೆಂದರೆ ಜನ ಗ್ರೇಹೌಂಡ್‌ಗಳನ್ನು ಹಿಂದಿರುಗಿಸುವುದಕ್ಕೆ ಇದೂ ಒಂದು ಕಾರಣವಾಗುತ್ತದೆ, ಅದೂ ಸುಲಭವಾಗಿ ತಪ್ಪಿಸಬಹುದಾದ ಕಾರಣ. ಕೆನಲ್‌ನಲ್ಲಿ ಪ್ರತಿ ನಾಯಿಗೂ ತನ್ನದೇ ಮಲಗುವ ಜಾಗವಿರುತ್ತದೆ. ಮಲಗಿದ ನಾಯಿಯ ಮೇಲೆ ಯಾರೂ ಬಗ್ಗುವುದಿಲ್ಲ, ಅದರ ಹಾಸಿಗೆಯನ್ನು ಯಾರೂ ದಾಟಿ ಹೋಗುವುದಿಲ್ಲ. ಇದರ ಮೇಲೆ ಇನ್ನೊಂದು ತೊಡಕೆಂದರೆ ಎಷ್ಟೋ ಗ್ರೇಹೌಂಡ್‌ಗಳು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತವೆ. ನಿಮ್ಮ ಮಗನಿಗೆ ಅದು ಎಚ್ಚರವಾಗಿರುವಂತೆಯೇ ಕಂಡಿರಬಹುದು. ಅದಕ್ಕೋ ಗಾಢನಿದ್ದೆಯಲ್ಲಿ ಬೆನ್ನಿನ ಮೇಲೆ ಏನೋ ಬಿದ್ದಂತಾಗಿರುತ್ತದೆ. ನನ್ನ ನಾಯಿ ಬಂದ ಮೂರನೆಯ ವಾರ ನಾನು ಮುದ್ದು ಉಕ್ಕಿ ಅವಳ ಮುಖದ ಮೇಲೆ ಬಗ್ಗಿದೆ, ಕೆನ್ನೆಯ ಮೇಲೆ ಹಲ್ಲು ಗೀರಿದ ಗೆರೆಯೊಂದಿಗೆ ಎದ್ದೆ. ಕಚ್ಚಿದ್ದು ನನ್ನನ್ನು ಎಂದು ತಿಳಿದ ಕೂಡಲೇ ಅವಳು ಎಷ್ಟು ಗಾಬರಿಯಾದಳೆಂದರೆ ಆ ದಿನವೆಲ್ಲ ಹಾಸಿಗೆಯ ಮೇಲೆ ಮಲಗಲೇ ಇಲ್ಲ. ತಪ್ಪು ಪೂರ್ತಿ ನನ್ನದಾಗಿತ್ತು.

ಅಂದಿನಿಂದ ಮನೆಯಲ್ಲಿ ಒಂದು ನಿಯಮ ನಿಂತಿತು: ಮಲಗಿರುವ ನಾಯಿಯ ಬಳಿಗೆ ಯಾರೂ ಹೋಗುವುದಿಲ್ಲ, ಬೇಕಿದ್ದರೆ ದೂರದಿಂದಲೇ ಹೆಸರು ಹಿಡಿದು ಕರೆಯಬೇಕು, ಅದು ತಲೆಯೆತ್ತಿ ನೋಡಿ ಎದ್ದು ತಾನಾಗಿ ಬಂದರೆ ಮಾತ್ರ ಮುಟ್ಟಬೇಕು. ಬರದಿದ್ದರೆ ಅದು ಬೇಡವೆಂದು ಹೇಳಿದಂತೆ. ಹಾಸಿಗೆಯನ್ನು ಓಡಾಡುವ ದಾರಿಯಿಂದ ತೆಗೆದು, ಮೂರು ಕಡೆ ಮರೆಯಿರುವ ಮೂಲೆಗೆ ಹಾಕಿ. ಸೋಫಾ, ಮಂಚಗಳ ಮೇಲೆ ಸದ್ಯಕ್ಕೆ ಹತ್ತಿಸಿಕೊಳ್ಳಬೇಡಿ, ಅಲ್ಲಿ ಮೈಗೆ ಮೈ ತಾಗದೆ ಇರುವುದಿಲ್ಲ. ಮುಖ್ಯವಾಗಿ, ಗುರುಗುಟ್ಟಿದ್ದಕ್ಕೆ ಗದರಿಸಬೇಡಿ. ಗುರುಗುಟ್ಟುವುದು ನಾಯಿ ಕೊಡುವ ಮುನ್ನೆಚ್ಚರಿಕೆ. ಗದರಿಸಿ ಅದನ್ನು ನಿಲ್ಲಿಸಿದರೆ ಒಳಗಿನ ಭಯ ಹಾಗೆಯೇ ಉಳಿದು, ಮುಂದಿನ ಸಲ ಸದ್ದಿಲ್ಲದೆ ಬಾಯಿ ಹಾಕುವ ನಾಯಿ ತಯಾರಾಗುತ್ತದೆ. ಎಚ್ಚರವಾಗಿದ್ದಾಗಲೂ ಒಂದೇ ಜಾಗ ಮುಟ್ಟಿದಾಗೆಲ್ಲ ಗುರುಗುಟ್ಟುತ್ತಿದ್ದರೆ ಅಲ್ಲಿ ನೋವಿದೆ ಎಂದು ತಿಳಿದು ಪಶುವೈದ್ಯರಿಗೆ ತೋರಿಸಿ. ನನ್ನವಳು ಮನೆಗೆ ಬಂದು ಎಂಟು ತಿಂಗಳಾಗುವ ಹೊತ್ತಿಗೆ ಪಕ್ಕದಲ್ಲಿ ಯಾರಾದರೂ ಓಡಾಡಿದರೆ ಒಂದು ಕಣ್ಣು ಹೊರಳಿಸಿ ಮತ್ತೆ ನಿದ್ದೆಹೋಗುವಷ್ಟು ನಿಶ್ಚಿಂತಳಾದಳು; ಆದರೂ ಹೆಸರು ಕರೆಯದೆ ಮುಟ್ಟುವ ಧೈರ್ಯವನ್ನು ನಾನು ಇವತ್ತಿಗೂ ಮಾಡಿಲ್ಲ.

ಊಳಿಡುವುದಕ್ಕೂ ಮೂಲ ಅದೇ ಕೆನಲ್. ಹಗಲಿರುಳು ಹತ್ತಾರು ನಾಯಿಗಳ ಉಸಿರಾಟದ ಸದ್ದಿನ ನಡುವೆ ಇದ್ದ ಪ್ರಾಣಿ ಈಗ ಮೊದಲ ಬಾರಿಗೆ ಒಂಟಿತನವನ್ನು ಕಾಣುತ್ತಿದೆ. ರಜೆ ಹಾಕಿ ಎರಡು ವಾರ ಪೂರ್ತಿ ಅದರ ಜೊತೆಗಿದ್ದು, ಮೂರನೆಯ ವಾರ ಒಮ್ಮೆಲೇ ಎಂಟು ಗಂಟೆ ಬಿಟ್ಟುಹೋಗುವುದು ಒಳ್ಳೆಯ ಮನಸ್ಸಿನವರೇ ಮಾಡುವ ತಪ್ಪು. ಅದರ ಬದಲು ಬಾಗಿಲಾಚೆ ಹೋಗಿ ಹತ್ತು ಸೆಕೆಂಡಿಗೆ ಒಳಗೆ ಬನ್ನಿ, ಅದು ತಲೆಯೆತ್ತದಷ್ಟು ಅಭ್ಯಾಸವಾದ ಮೇಲೆ ಅರ್ಧ ನಿಮಿಷ, ಆಮೇಲೆ ಎರಡು ನಿಮಿಷ, ಹೀಗೆ ಅದು ಗಾಬರಿಗೊಳ್ಳುವ ಮುಂಚೆಯೇ ಹಿಂದಿರುಗುತ್ತ ಹೊತ್ತನ್ನು ಬೆಳೆಸಿ. ನನಗೆ ಎರಡು ಗಂಟೆಯ ಮಟ್ಟ ಮುಟ್ಟಲು ಸುಮಾರು ಏಳು ವಾರ ಹಿಡಿಯಿತು. ಗೂಡಿನಲ್ಲಿ ಬೆಳೆದದ್ದಲ್ಲವೇ ಎಂದು ಪಂಜರದಲ್ಲಿ ಕೂಡಿಹಾಕಿದರೆ ಕೆಲವು ನಾಯಿಗಳು ಸಮಾಧಾನಗೊಳ್ಳುತ್ತವೆ, ಕೆಲವು ಕಂಬಿ ಕಡಿದು ಹಲ್ಲು ಮುರಿದುಕೊಳ್ಳುತ್ತವೆ; ಬಾಗಿಲು ತೆರೆದಿಟ್ಟು ಅದೇ ಒಳಹೋಗಿ ಮಲಗುತ್ತದೆಯೇ ಎಂದು ಮೊದಲು ನೋಡಿ. ಜೊತೆಗಿರಲೆಂದು ಕೂಡಲೇ ಎರಡನೆಯ ನಾಯಿಯನ್ನು ತರುವ ಸಲಹೆ ನಿಮಗೆ ಖಂಡಿತ ಸಿಗುತ್ತದೆ. ಒಂದರ ಅಭ್ಯಾಸಗಳೇ ಇನ್ನೂ ಅರ್ಥವಾಗದಿರುವಾಗ ಎರಡನೆಯದು ಬೇಡವೆಂಬುದು ನನ್ನ ಅಭಿಪ್ರಾಯ.

ನಡುದಾರಿಯಲ್ಲಿ ನಿಲ್ಲುವುದು ಮೊಂಡುತನವಲ್ಲ. ನೋಡಬೇಕಾದದ್ದು, ಮೂಸಬೇಕಾದದ್ದು ಒಮ್ಮೆಲೇ ಹೆಚ್ಚಾಗಿರುತ್ತದೆ. ಹಗ್ಗ ಜಗ್ಗದೆ ಒಂದು ನಿಮಿಷ ಸುಮ್ಮನೆ ನಿಂತು, ಆಮೇಲೆ ಪಕ್ಕಕ್ಕೆ ಅರ್ಧ ಸುತ್ತು ತಿರುಗಿಸಿದರೆ ಕಾಲು ತಾನೇ ಕದಲುತ್ತದೆ. ಮೊದಲ ತಿಂಗಳು ದಿನವೂ ಅದೇ ಚಿಕ್ಕ ದಾರಿ ಸಾಕು. ಮೆಟ್ಟಿಲಿಗೆ ಒಬ್ಬರು ಮುಂದೆ ನಿಂತು, ಇನ್ನೊಬ್ಬರು ಹಿಂದಿನಿಂದ ಹೊಟ್ಟೆಗೆ ಆಸರೆ ಕೊಟ್ಟು, ಒಂದೊಂದೇ ಕಾಲನ್ನು ಎತ್ತಿಟ್ಟು ಹತ್ತಿಸಬೇಕು. ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಗಾಜಿನ ಬಾಗಿಲಿದ್ದರೆ ಅದರ ಕಣ್ಣಿನ ಎತ್ತರಕ್ಕೆ ಕಾಗದದ ಪಟ್ಟಿ ಅಂಟಿಸಿ, ಗಾಜು ಎಂದರೇನೆಂದು ಅದಕ್ಕೆ ಗೊತ್ತಿಲ್ಲ.

ನೀವು ಕೇಳದ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಬೇಲಿಯಿಲ್ಲದ ಜಾಗದಲ್ಲಿ ಅದರ ಹಗ್ಗವನ್ನು ಬಿಚ್ಚಬೇಡಿ, ಅದು ನಿಮ್ಮನ್ನು ಎಷ್ಟೇ ಹಚ್ಚಿಕೊಂಡಿರಲಿ. ಇದು ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ತಳಿ. ದೂರದಲ್ಲಿ ಏನೋ ಸರ್ರನೆ ಹರಿದುದು ಕಂಡರೆ ನೀವು ಕೂಗುವಷ್ಟರಲ್ಲಿ ಅದು ಕೂಗು ಕೇಳಿಸದಷ್ಟು ದೂರ ಹೋಗಿರುತ್ತದೆ. ಇದರ ಕತ್ತು ತಲೆಯಷ್ಟೇ ದಪ್ಪ, ಆದ್ದರಿಂದ ಸಾಮಾನ್ಯ ಕೊರಳಪಟ್ಟಿಯಿಂದ ಒಂದು ಹೆಜ್ಜೆ ಹಿಂದೆ ಸರಿದು ತಲೆ ಕಳಚಿಕೊಂಡುಬಿಡುತ್ತದೆ. ಎಳೆದಾಗ ತುಸು ಬಿಗಿಯುವ, ಅಗಲವಾದ ಮಾರ್ಟಿಂಗೇಲ್ ಪಟ್ಟಿಯನ್ನೇ ಬಳಸಿ. ಮನೆಯಲ್ಲಿ ಬೆಕ್ಕಿದ್ದರೆ ಮೊದಲ ಭೇಟಿಗಳಿಗೆ ಬಾಯಿಕುಕ್ಕೆ ಹಾಕಿರಿ, ಓಟದ ದಿನಗಳಿಂದಲೇ ಅದಕ್ಕೆ ಅಭ್ಯಾಸವಿರುವುದರಿಂದ ನೀವು ನೊಂದುಕೊಳ್ಳುವಷ್ಟು ಅದು ನೊಂದುಕೊಳ್ಳುವುದಿಲ್ಲ. ಒಳಗೆ ಬೆಕ್ಕಿನ ಜೊತೆ ಮಲಗುವ ನಾಯಿಯೇ ಅಂಗಳದಲ್ಲಿ ಓಡುವ ಅದೇ ಬೆಕ್ಕನ್ನು ಬೆನ್ನಟ್ಟಬಹುದು ಎಂಬುದನ್ನೂ ಮರೆಯಬಾರದು.

ಪಶುವೈದ್ಯರು ಗ್ರೇಹೌಂಡ್‌ಗಳನ್ನು ಹೆಚ್ಚು ಕಂಡವರಲ್ಲದಿದ್ದರೆ ಮೊದಲ ರಕ್ತಪರೀಕ್ಷೆಗೆ ಮುನ್ನ ತಳಿಯ ಬಗ್ಗೆ ಒಂದು ಮಾತು ಹೇಳಿ. ಈ ತಳಿಯಲ್ಲಿ ಕೆಂಪು ರಕ್ತಕಣಗಳ ಪ್ರಮಾಣ ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸವನ್ನು ಅಳೆಯಲು ರಕ್ತದಲ್ಲಿ ನೋಡುವ ಅಂಶ) ಬೇರೆ ನಾಯಿಗಳಿಗಿಂತ ಹೆಚ್ಚಾಗಿಯೂ, ಪ್ಲೇಟ್‌ಲೆಟ್ ಮತ್ತು ಥೈರಾಯ್ಡ್ ಹಾರ್ಮೋನ್ ಕಡಿಮೆಯಾಗಿಯೂ ಇರುವುದೇ ಸಹಜ. ಅದನ್ನರಿಯದೆ ಆರೋಗ್ಯವಂತ ನಾಯಿಗೆ ಥೈರಾಯ್ಡ್ ಮಾತ್ರೆ ಶುರುಮಾಡಿದ ಉದಾಹರಣೆಗಳುಂಟು. ಅರಿವಳಿಕೆಯ ಕೆಲವು ಔಷಧಗಳು, ಮುಖ್ಯವಾಗಿ ಥಯೋಪೆಂಟಾಲ್, ಇವುಗಳ ಮೈಯಿಂದ ಬಹಳ ನಿಧಾನವಾಗಿ ಇಳಿಯುತ್ತವೆ. ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನಗಳ ಮೇಲೆ ರಕ್ತ ಜಿನುಗುವುದೂ ಉಂಟು. ಹಲ್ಲು ಸಾಮಾನ್ಯವಾಗಿ ಕೆಟ್ಟಿರುತ್ತದೆ. ಗಟ್ಟಿ ನೆಲದ ಮೇಲೆ ಕುಂಟಿ, ಹುಲ್ಲಿನ ಮೇಲೆ ಸರಿಯಾಗಿ ನಡೆದರೆ ಅಂಗಾಲಿನಲ್ಲಿ ಆಣಿ ಎದ್ದಿದೆಯೇ ನೋಡಿ. ಮೈಯಲ್ಲಿ ಕೊಬ್ಬಿಲ್ಲ, ಚರ್ಮ ತೆಳು, ಹೀಗಾಗಿ ಚಳಿಗೆ ಹೊದಿಕೆಯೂ ಮಲಗಲು ದಪ್ಪ ಹಾಸಿಗೆಯೂ ಬೇಕೇಬೇಕು. ‘ಕೂತ್ಕೋ’ ಎಂದರೆ ಕೂರುವುದಿಲ್ಲವೆಂದು ಕೋಪಿಸಿಕೊಳ್ಳಬೇಡಿ. ಆ ತೊಡೆಗಳನ್ನು ಇಟ್ಟುಕೊಂಡು ಕೂರುವುದು ಅದಕ್ಕೆ ಹಿತವಲ್ಲ.

ತಪ್ಪಾಯಿತೇ ಎಂಬ ನಿಮ್ಮ ಪ್ರಶ್ನೆಗೆ ಎರಡು ವಾರದಲ್ಲಿ ಉತ್ತರ ಸಿಗುವುದಿಲ್ಲ, ಮೂರು ತಿಂಗಳಾದರೂ ಬೇಕು. ಈಗಿನ ಮೌನವನ್ನೂ ಅದರ ಸ್ವಭಾವವೆಂದು ತಿಳಿಯಬೇಡಿ. ಅದು ಮನೆಗೆ ಹೊಂದಿಕೊಂಡಿತೆಂದು ಗುರುತು ಹಿಡಿಯಲು ಬೇರೆ ಲಕ್ಷಣಗಳಿವೆ: ಪಕ್ಕದಲ್ಲಿ ನಿಂತು ಇಡೀ ಮೈಭಾರವನ್ನು ನಿಮ್ಮ ತೊಡೆಗೆ ಒರಗಿಸುವುದು, ನಿಮ್ಮನ್ನು ಕಂಡ ಖುಷಿಗೆ ಹಲ್ಲು ಕಟಕಟಿಸುವುದು (ಮೊದಲ ಸಲ ಕಂಡಾಗ ಚಳಿಯೆಂದು ನಾನು ಕಂಬಳಿ ತಂದಿದ್ದೆ), ನಾಲ್ಕೂ ಕಾಲನ್ನು ಆಕಾಶಕ್ಕೆತ್ತಿ ಅಂಗಾತ ಮಲಗುವುದು. ನಿಮ್ಮ ಮಗನನ್ನು ನಾಯಿಯಿಂದ ದೂರವಿಡಬೇಡಿ, ಹಾಸಿಗೆಯಿಂದ ಮಾತ್ರ ದೂರವಿಡಿ. ದಿನಕ್ಕೆ ನಾಲ್ಕಾರು ಸಲ ಕೋಣೆಯ ಇನ್ನೊಂದು ತುದಿಯಲ್ಲಿ ನಿಂತು ಹೆಸರು ಕರೆದು, ಅದು ತಲೆಯೆತ್ತಿದ ಕೂಡಲೇ ಒಂದು ತಿನಿಸನ್ನು ಅದರ ಮುಂದೆ ಎಸೆದು ಹೊರಟುಹೋಗುವ ಕೆಲಸವನ್ನು ನೀವು ಪಕ್ಕದಲ್ಲಿದ್ದುಕೊಂಡು ಅವನಿಂದಲೇ ಮಾಡಿಸಿ.