ಅದು ಶಕ್ತಿಯೋ, ಕೈಗುಣವೋ?

ಓದುಗರ ಪತ್ರ: "ನನಗೆ 62. ಟೀಚರ್ ಕೆಲಸದಿಂದ ನಿವೃತ್ತಳಾಗಿ ನಾಲ್ಕು ವರ್ಷವಾಯಿತು, ಯಜಮಾನರು ತೀರಿಕೊಂಡು ಎರಡು. ಮಂಡಿನೋವು, ಸಕ್ಕರೆ ಕಾಯಿಲೆ, ರಾತ್ರಿ ನಿದ್ದೆ ಇಲ್ಲ. ಪಕ್ಕದ ರಸ್ತೆಯಲ್ಲಿ ಭಾನುವಾರ ರೇಖಿ ಗುಂಪು ಸೇರುತ್ತದೆ, ಬಾರೆ ಎಂದು ಗೆಳತಿ ಒಂದೇ ಸಮನೆ ಕರೆಯುತ್ತಿದ್ದಾಳೆ. ಮಗನಿಗೆ ಹೇಳಿದರೆ 'ಅಮ್ಮಾ, ಅದೆಲ್ಲ ಬೋಗಸ್ಸು' ಎಂದು ನಕ್ಕ. ಸೇರಿದರೆ ಪ್ರಯೋಜನ ಇದೆಯೇ? ಹೆಸರು ಹಾಕಬೇಡಿ." (ಮೈಸೂರು)

ಸಂಪಾದಕರ ಉತ್ತರ:

ಮೇಡಂ, ನಮಸ್ಕಾರ.

ಮೈಮೇಲೆ ಅಂಗೈ ಇಟ್ಟು ವಿಶ್ವಶಕ್ತಿ ಹರಿಸಿ ನೋವು ಕಳೆಯುತ್ತೇವೆ ಎನ್ನುವುದು ರೇಖಿಯವರ ಮಾತು. ನಿಮ್ಮ ಮಗ ಹೇಳಿದ್ದು ಅರ್ಧ ಸರಿ. ಉಳಿದ ಅರ್ಧದ ಬಗ್ಗೆ ಬರೆಯಬೇಕು ಅನ್ನಿಸಿತು.

ಕೆಲವು ವರ್ಷಗಳ ಹಿಂದೆ ನಾನೂ ಇಂಥದೊಂದು ಗುಂಪಿಗೆ ಹೋಗಿದ್ದೆ, ಅಕ್ಕನ ಜೊತೆಗೆ. ಭಾವ ಹೋಗಿ ಆರು ತಿಂಗಳಾಗಿತ್ತು. ಅಕ್ಕ ಹೊಸ್ತಿಲು ದಾಟುತ್ತಿರಲಿಲ್ಲ. ತರಕಾರಿ, ಹಾಲು ಎಲ್ಲ ಬಾಗಿಲಿಗೇ ಬರುತ್ತಿತ್ತು. ಯಾರೋ ಗೆಳತಿ ಬಲವಂತ ಮಾಡಿದರು, ಕರೆದುಕೊಂಡು ಹೋಗುವ ಕೆಲಸ ನನ್ನ ತಲೆಗೆ ಬಂತು. ಒಂದು ಮನೆಯ ಮಹಡಿ ಕೋಣೆ. ನಾನು ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತೆ. ಮನೆಗೆ ಹೋಗಿ ಗೇಲಿ ಮಾಡುವುದಕ್ಕೆ ಸರಕು ಸಿಕ್ಕೀತು ಎಂಬ ಆಸೆ ಇತ್ತು, ಸುಳ್ಳೇಕೆ ಹೇಳಲಿ.

ಅಕ್ಕನನ್ನು ದಿವಾನದ ಮೇಲೆ ಮಲಗಿಸಿದರು. ಮೂವರು ಸುತ್ತ ಕೂತರು, ಒಬ್ಬರು ತಲೆಯ ಬಳಿ, ಒಬ್ಬರು ಪಕ್ಕದಲ್ಲಿ, ಒಬ್ಬರು ಪಾದದ ಬಳಿ. ಮೊಬೈಲಿನಲ್ಲಿ ಮೂರು ನಿಮಿಷಕ್ಕೊಮ್ಮೆ ಸಣ್ಣ ಗಂಟೆ. ಗಂಟೆ ಕೇಳಿದಾಗ ಕೈಗಳು ಜಾಗ ಬದಲಿಸುತ್ತವೆ. ಕಣ್ಣಿನ ಮೇಲಿಂದ ಕಿವಿಗೆ, ಅಲ್ಲಿಂದ ಭುಜಕ್ಕೆ. ಒತ್ತುವುದಿಲ್ಲ, ತಿಕ್ಕುವುದಿಲ್ಲ, ಸುಮ್ಮನೆ ಇಡುವುದು. ಅಕ್ಕನ ಎಡಗೈ ಸೆರಗಿನ ಚುಂಗನ್ನು ಮುಷ್ಟಿಯಲ್ಲಿ ಹಿಡಿದಿತ್ತು. ನಾಲ್ಕನೆಯ ಗಂಟೆಯ ಹೊತ್ತಿಗೆ ಮುಷ್ಟಿ ಸಡಿಲವಾಯಿತು. ಐದನೆಯದಕ್ಕೆ ಗೊರಕೆ! ಯಾರೂ ನಗಲಿಲ್ಲ. ಎದ್ದು ಕೂತು ಅಕ್ಕ ಕೇಳಿದ ಮೊದಲ ಮಾತು, "ಒಂದ್ ಲೋಟ ಕಾಫಿ ಸಿಗುತ್ತಾ?" ಆರು ತಿಂಗಳಲ್ಲಿ ಅವಳು ತಾನಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಗೇಲಿ ಮಾಡುವ ಸರಕು ಸಿಗಲಿಲ್ಲ. ಹಾಗಂತ ವಿಶ್ವಶಕ್ತಿ ಇಳಿದು ಬಂತು ಎಂದು ನಂಬಿದೆನೆ? ಅದೂ ಇಲ್ಲ.

ಈ ವಿದ್ಯೆ ಅಷ್ಟೇನೂ ಹಳೆಯದಲ್ಲ. ಇದರ ಮೂಲಪುರುಷ ಜಪಾನಿನ ಮಿಕಾವೊ ಉಸುಯಿ. ಕ್ಯೋಟೋ ಬಳಿಯ ಕುರಾಮಾ ಬೆಟ್ಟದಲ್ಲಿ 21 ದಿನ ಉಪವಾಸವಿದ್ದು ಧ್ಯಾನ ಮಾಡಿದಾಗ ಇದು ಒಲಿಯಿತು ಎಂಬುದು ಅವರ ಪರಂಪರೆಯ ನಂಬಿಕೆ. 1922ರಲ್ಲಿ ಟೋಕಿಯೋದಲ್ಲಿ ಒಂದು ಸಂಘ ಕಟ್ಟಿದರು, 1926ರಲ್ಲಿ ತೀರಿಕೊಂಡರು. ಅವರದು ರೇಕಿ. ನಮ್ಮ ಬಾಯಲ್ಲಿ ಅದಕ್ಕೊಂದು ಮಹಾಪ್ರಾಣ ಸೇರಿ ರೇಖಿಯಾಗಿದೆ. "ಈ ದಿನದ ಮಟ್ಟಿಗೆ ಕೋಪ ಬೇಡ, ಚಿಂತೆ ಬೇಡ" ಎಂದು ಶುರುವಾಗುವ ಐದು ಸೂತ್ರಗಳನ್ನು ಒಟ್ಟಿಗೆ ಹೇಳುವುದು, ಒಬ್ಬರ ಮೇಲೆ ಹಲವರು ಕೈ ಇಡುವುದು, ಎಲ್ಲ ಜಪಾನಿನ ಅಭ್ಯಾಸದಲ್ಲೇ ಇದೆ. ಅಂದರೆ ಗುಂಪು ಎನ್ನುವುದು ನಿಮ್ಮ ಬಡಾವಣೆಯವರು ಹುಟ್ಟುಹಾಕಿದ್ದಲ್ಲ.

ಇದನ್ನು ಜಪಾನಿನಿಂದ ಹೊರಗೆ ದಾಟಿಸಿದವರು ಹವಾಯಿಯ ಹವಾಯೋ ತಕಾತಾ. ನಿಮ್ಮ ಹಾಗೆಯೇ ಗಂಡನನ್ನು ಕಳೆದುಕೊಂಡವರು. 1935ರಲ್ಲಿ ಕಾಯಿಲೆ ಬಿದ್ದು ಟೋಕಿಯೋದ ಚಿಕಿತ್ಸಾಲಯವೊಂದಕ್ಕೆ ಹೋದಾಗ, ಚಿಕಿತ್ಸಕರ ಕೈ ಅಷ್ಟೊಂದು ಬಿಸಿ ಇದ್ದುದನ್ನು ಕಂಡು ತೋಳಿನೊಳಗೆ ಏನೋ ಯಂತ್ರ ಇಟ್ಟಿದ್ದಾರೆ ಎಂದು ಅನುಮಾನಪಟ್ಟು ಅವರ ಕಿಮೋನೋದ ತೋಳನ್ನೇ ಹಿಡಿದು ತಡಕಿದರಂತೆ. ಈ ಕಥೆಯನ್ನು ಆಕೆ ತಾವೇ ಹೇಳಿಕೊಳ್ಳುತ್ತಿದ್ದರು. ನಿಮ್ಮ ಮಗನಿಗೆ ಇದನ್ನು ಹೇಳಿ, ಖುಷಿಪಡುತ್ತಾನೆ.

ಈಗ ಆ ತೋಳು ತಡಕುವ ಕೆಲಸ. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿದ್ದ 189 ರೋಗಿಗಳಿದ್ದರು. ಕೆಲವರಿಗೆ ರೇಖಿ, ಕೆಲವರಿಗೆ ರೇಖಿಯಂತೆ ಕಾಣುವ ನಟನೆ, ಉಳಿದವರಿಗೆ ಎಂದಿನ ಚಿಕಿತ್ಸೆ ಮಾತ್ರ. ರೇಖಿ ಪಡೆದವರಿಗೆ ಹಾಯೆನಿಸಿತು. ನಟನೆಯ ರೇಖಿ ಪಡೆದವರಿಗೂ ಹಾಯೆನಿಸಿತು! ಇದನ್ನು ಕೇಳಿ ನಿಮ್ಮ ಮಗ "ನೋಡಿದ್ಯಾ?" ಅಂದಾನು. ನನಗೆ ಕಾಣುವುದು ಬೇರೆ. ಯಾರೋ ಒಬ್ಬರು ಪಕ್ಕದಲ್ಲಿ ಅವಸರವಿಲ್ಲದೆ ಕೂತದ್ದೇ ಆ ಹಾಯಿಯ ದೊಡ್ಡ ಪಾಲು. ನಮ್ಮಲ್ಲಿ ಇದಕ್ಕೊಂದು ಮಾತಿದೆಯಲ್ಲ, ಕೈಗುಣ. ಅದೇ ಮಾತ್ರೆ ಬರೆದರೂ "ಆ ಡಾಕ್ಟರ ಕೈಗುಣ ಚೆನ್ನಾಗಿದೆ" ಅನ್ನುತ್ತೇವೆ. ಮಗುವಿಗೆ ಹೊಟ್ಟೆನೋವು ಬಂದರೆ ಅಜ್ಜಿ ಮಾಡುವ ಮೊದಲ ಕೆಲಸವೂ ಅಂಗೈ ಇಡುವುದೇ.

ಆದ್ದರಿಂದ ನನ್ನ ಕೇಳಿದರೆ, ಒಬ್ಬರೇ ಹೋಗಿ ದುಡ್ಡು ಕೊಟ್ಟು ರೇಖಿ ಮಾಡಿಸಿಕೊಳ್ಳುವುದಕ್ಕಿಂತ ಗುಂಪೇ ಮೇಲು. ಭಾನುವಾರ ಇಂತಿಷ್ಟು ಗಂಟೆಗೆ ತಲೆ ಬಾಚಿ ಸೀರೆ ಉಟ್ಟು ಹೊರಡಬೇಕು. ಹೋಗದಿದ್ದರೆ ಯಾಕೆ ಬರಲಿಲ್ಲ ಎಂದು ಫೋನು ಬರುತ್ತದೆ. ಇನ್ನೊಂದು ವಿಷಯ, ಅಲ್ಲಿ ನೀವು ಬರೀ ರೋಗಿಯಲ್ಲ. ನಿಮ್ಮ ಸರದಿ ಬಂದಾಗ ಇನ್ನೊಬ್ಬರ ತಲೆಯ ಮೇಲೆ ನಿಮ್ಮ ಕೈ ಇರುತ್ತದೆ. ಎರಡು ವರ್ಷದಿಂದ ಯಾರನ್ನಾದರೂ ಮುಟ್ಟಿ ಸಂತೈಸಿದ್ದೀರಾ? ಅಕ್ಕನಿಗೆ ಒಳ್ಳೆಯದಾದದ್ದು ಮಲಗಿದ್ದಕ್ಕಿಂತ ಹೆಚ್ಚಾಗಿ ಇನ್ನೊಬ್ಬರ ಪಕ್ಕದಲ್ಲಿ ಕೈ ಇಟ್ಟು ಕೂತದ್ದರಿಂದ ಎಂದು ನನ್ನ ಲೆಕ್ಕ.

ಇನ್ನು ಎಚ್ಚರಿಕೆ. "ಇನ್ನು ಸಕ್ಕರೆ ಮಾತ್ರೆ ಬೇಡ" ಎಂದು ಅಲ್ಲಿ ಯಾರಾದರೂ ಅಂದರೆ, ಮರುಮಾತಾಡದೆ ಚಪ್ಪಲಿ ಮೆಟ್ಟಿ ಹೊರಟುಬಿಡಿ. ಮಧುಮೇಹ, ಕ್ಯಾನ್ಸರ್ ವಾಸಿ ಮಾಡುತ್ತೇವೆಂದು ಮಂತ್ರತಂತ್ರದ ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಕಾನೂನುಬಾಹಿರ. ಮಂಡಿಗೆ ಮೂಳೆ ಡಾಕ್ಟರೇ ಬೇಕು. ರಾತ್ರಿಯ ನಿದ್ದೆಗೇಡನ್ನೂ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ. ಫಸ್ಟ್ ಡಿಗ್ರಿ, ಸೆಕೆಂಡ್ ಡಿಗ್ರಿ, ಮಾಸ್ಟರ್ ಎಂದು ಮೆಟ್ಟಿಲು ಹತ್ತಿಸುವವರು ಸಿಗುತ್ತಾರೆ. ಮಾಸ್ಟರ್ ದೀಕ್ಷೆಗೆ ತಕಾತಾ ಅವರೇ 10,000 ಡಾಲರ್ ತೆಗೆದುಕೊಳ್ಳುತ್ತಿದ್ದರು, ಆ ಚಾಳಿ ಹೊಸದಲ್ಲ. ಕಾಫಿ ಖರ್ಚು ಹಂಚಿಕೊಳ್ಳುವ ಗುಂಪಾದರೆ ಸರಿ. ರಸೀದಿ ಪುಸ್ತಕ ತೆಗೆಯುವ ಗುಂಪಾದರೆ ಯೋಚಿಸಿ. ಮೈ ಮುಟ್ಟಿಸಿಕೊಳ್ಳಲು ಮುಜುಗರವೆನಿಸಿದರೆ ಹಾಗೆಂದು ಹೇಳಿ. ಅಂಗೈಯನ್ನು ನಾಲ್ಕು ಬೆರಳು ಮೇಲೆ ಹಿಡಿದೂ ಮಾಡುತ್ತಾರೆ.

ಅಕ್ಕ ಈಗಲೂ ಹೋಗುತ್ತಾಳೆ. ಶಕ್ತಿ ಇದೆಯೇನೇ ಎಂದು ಕೇಳಿದರೆ "ಅದೆಲ್ಲ ನಂಗೊತ್ತಿಲ್ಲಪ್ಪ, ಈ ವಾರ ಡಿಕಾಕ್ಷನ್ ನಂದು" ಅನ್ನುತ್ತಾಳೆ.

ನೀವು ಬರುವ ಭಾನುವಾರ ಒಮ್ಮೆ ಹೋಗಿ ಕೂತು ನೋಡಿ. ಹೆಸರು ನೋಂದಾಯಿಸಲು ಅವಸರ ಮಾಡಬೇಡಿ. ನೆಲದ ಮೇಲೆ ಚಾಪೆ ಹಾಸಿದ್ದರೆ ಸಂಕೋಚಪಡದೆ ಕುರ್ಚಿ ಕೇಳಿ, ಮಂಡಿ ನಿಮ್ಮದು. ಮೂರ್ನಾಲ್ಕು ವಾರ ಕಳೆದ ಮೇಲೆ ನಿದ್ದೆ ಹೇಗಿದೆ ಎಂದು ನಾಲ್ಕು ಸಾಲು ಬರೆಯಿರಿ. ಹೆಸರು ಹಾಕುವುದಿಲ್ಲ.

ಸಂಪಾದಕ