ಬಳಸದ ಹಳೆಯ ಕೇಸ್ ಚಾಕು: ಬಳಸಬೇಕಾ, ಹಾಗೇ ಇಡಬೇಕಾ?

ಡಬ್ಬಿ ಸಮೇತ ಸಿಕ್ಕಿದ, ಒಮ್ಮೆಯೂ ಬಳಸದ, ಅಮೆರಿಕದ ಕೇಸ್ (CASE) ಕಂಪನಿಯ ಮಡಚುವ ಚಾಕುವನ್ನು ಬಳಸಬಹುದಾ ಅಂತ ಕೇಳಿದ್ದೀರಿ. ಮೊದಲು ಅದರ ವಯಸ್ಸು ನೋಡಿ. ಅಲಗಿನ ಬುಡದ ಮುದ್ರೆಯಲ್ಲಿ 1970ರಲ್ಲಿ ಹತ್ತು ಚುಕ್ಕಿ ಹಾಕಿದರು, ಆಮೇಲೆ ವರ್ಷಕ್ಕೊಂದು ಕಡಿಮೆ ಮಾಡಿದರು. ಐದಿದ್ದರೆ 1975. 1980ರಲ್ಲಿ ಮತ್ತೆ ಹತ್ತರಿಂದ ಶುರು, ಆದರೆ ಆಗ ಮುದ್ರೆಯ CASE ಹೆಸರಿನಲ್ಲಿರುವ 'ಎಸ್' ಅಕ್ಷರ ಮಿಂಚಿನ ಆಕಾರದಲ್ಲಿದೆ.

ನನ್ನ ಮಾತು ಕೇಳಿದರೆ, ಅದನ್ನು ಹಾಗೇ ಇಡಿ. ಒಮ್ಮೆ ಸಾಣೆ ಹಿಡಿದರೆ ಕಾರ್ಖಾನೆಯ ಅಂಚು ಹೋಯಿತು, ವಾಪಸ್ ಬರುವುದಿಲ್ಲ. ಬೆಲೆಯೂ ಇಳಿಯುತ್ತದೆ. ಆಗಲೇ ಯಾರೋ ಮಸೆದಿದ್ದರೆ ಮಾತು ಬೇರೆ, ಧಾರಾಳವಾಗಿ ಬಳಸಿ. ದಿನದ ಕೆಲಸಕ್ಕೆ ಅದೇ ಮಾದರಿಯ ಹೊಸದೊಂದು ತಗೊಳ್ಳಬಹುದು, ಅಲ್ವಾ?

ಆದರೆ ಸುಮ್ನೆ ಎತ್ತಿಟ್ಟರೆ ಸಾಲದು. ಚರ್ಮದ ಚೀಲದಲ್ಲಂತೂ ಇಡಬೇಡಿ. ಚರ್ಮ ತೇವ ಹಿಡಿಯುತ್ತದೆ, ಹದ ಮಾಡಿದಾಗಿನ ಆಮ್ಲವೂ ಉಳಿದಿರುತ್ತದೆ, ಕಾರ್ಬನ್ ಸ್ಟೀಲ್‌ಗೆ ತುಕ್ಕು ಬರುತ್ತದೆ. ಮಿನರಲ್ ಆಯಿಲ್ ತೆಳ್ಳಗೆ ಸವರಿ. ಅಡುಗೆ ಎಣ್ಣೆ ಬೇಡ, ಅಂಟಾಗುತ್ತದೆ. ಹಿಡಿ ಸೆಲ್ಯುಲಾಯ್ಡ್ ಅನ್ನುವ ಹಳೇ ಕಾಲದ ಪ್ಲಾಸ್ಟಿಕ್‌ನದ್ದಾಗಿದ್ದರೆ ಬೇರೆ ಚಾಕುಗಳಿಂದ ದೂರವಿಡಿ. ಅದು ಹಳತಾದಂತೆ ಬಿಡುವ ಆವಿ ಪಕ್ಕದ ಅಲಗುಗಳನ್ನೂ ತಿನ್ನುತ್ತದೆ. ಹೊಳಪು ಬರಿಸಲು ಪಾಲಿಶ್ ಮಾತ್ರ ದಯವಿಟ್ಟು ಮಾಡಬೇಡಿ.