ಬರ್ಲಿನ್ನಿನಲ್ಲಿ ಕೋಣೆ ಹುಡುಕುವವರಿಗೆ

ಅಕ್ಟೋಬರಿನಲ್ಲಿ ಆರಂಭವಾಗುವ ಚಳಿಗಾಲದ ಸೆಮಿಸ್ಟರಿಗೆ ಬರ್ಲಿನ್ನಿನಲ್ಲಿ ಸೀಟು ಸಿಕ್ಕಿದೆ, ಹೊರಡುವ ಮೊದಲೇ ಕೋಣೆ ಗೊತ್ತುಮಾಡಿಕೊಳ್ಳಲು ಸಾಧ್ಯವೇ ಎಂದು ಕೇಳಿದ್ದೀರಿ. ಯಾರೋ ಒಬ್ಬರು ಎರಡು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕಳಿಸಿದರೆ ಬೀಗದ ಕೈಯನ್ನು ಅಂಚೆಯಲ್ಲಿ ರವಾನಿಸುವುದಾಗಿ ಹೇಳುತ್ತಿದ್ದಾರೆ, ಅವರನ್ನು ನಂಬಬಹುದೇ ಎಂದೂ ಕೇಳಿದ್ದೀರಿ. ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ಹಣ ಕಳಿಸಬೇಡಿ. ಮಾಲೀಕರು ಬೇರೆ ದೇಶದಲ್ಲಿದ್ದಾರೆ, ಮನೆ ತೋರಿಸುವವರು ಯಾರೂ ಇಲ್ಲ, ಬಾಡಿಗೆ ಅಕ್ಕಪಕ್ಕದ ಮನೆಗಳಿಗಿಂತ ಅಗ್ಗ, ಚಿತ್ರಗಳು ಮಾತ್ರ ಹೋಟೆಲಿನವುಗಳಂತಿವೆ ಎಂದಾದರೆ ಅದು ಮೋಸವೆಂದೇ ತಿಳಿಯಿರಿ. ನಾನು ಇಲ್ಲಿಗೆ ಬಂದು ಹದಿಮೂರು ವರ್ಷಗಳಾದವು. ಪ್ರತಿ ಸೆಪ್ಟೆಂಬರಿನಲ್ಲೂ ಇದೇ ಕಥೆಯನ್ನು ಕೇಳುತ್ತೇನೆ, ಬದಲಾಗುವುದು ಕೋಣೆಯ ಚಿತ್ರಗಳು ಮಾತ್ರ.

ಹೊರಡುವ ಮೊದಲು ನೀವು ಖಂಡಿತವಾಗಿ ಮಾಡಬೇಕಾದ ಕೆಲಸವೊಂದಿದೆ. ಇಲ್ಲಿನ ವಿದ್ಯಾರ್ಥಿ ನಿಲಯಗಳನ್ನು ನಡೆಸುವ ಷ್ಟುಡೀರೆಂಡನ್‌ವೆರ್ಕ್ ಸಂಸ್ಥೆಗೆ ಇಂದೇ ಅರ್ಜಿ ಹಾಕಿರಿ. ಕಾಯುವವರ ಸಾಲು ಉದ್ದವಾಗಿರುವುದರಿಂದ ಅಕ್ಟೋಬರಿಗೆ ಕೋಣೆ ಸಿಗುತ್ತದೆಂಬ ಭರವಸೆಯನ್ನು ಇಟ್ಟುಕೊಳ್ಳಬೇಡಿ. ಆದರೆ ಸಾಲಿನಲ್ಲಿ ಹೆಸರಿಲ್ಲದವರಿಗೆ ಮುಂದಿನ ವರ್ಷವೂ ಸಿಗುವುದಿಲ್ಲ.

ಕೋಣೆ ಹೇಗಿದೆ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಆ ವಿಳಾಸದಲ್ಲಿ ‘ಆನ್‌ಮೆಲ್ಡುಂಗ್’ ಮಾಡಿಸಬಹುದೇ ಎಂಬುದು. ಮನೆ ಸೇರಿದ ಎರಡು ವಾರಗಳೊಳಗೆ ನಿಮ್ಮ ವಿಳಾಸವನ್ನು ‘ಬ್ಯೂರ್ಗರ್ ಆಮ್ಟ್’ ಎಂಬ ನಾಗರಿಕ ಕಚೇರಿಯಲ್ಲಿ ನೋಂದಾಯಿಸಬೇಕೆಂಬುದು ಜರ್ಮನಿಯ ಕಾನೂನು. ಅದಕ್ಕೆ ನೀವು ಅಲ್ಲಿ ವಾಸಕ್ಕೆ ಬಂದಿದ್ದೀರೆಂದು ಮನೆ ಕೊಟ್ಟವರು ಸಹಿ ಮಾಡಿದ ಪತ್ರ ಬೇಕು. ತೆರಿಗೆ ಸಂಖ್ಯೆ, ವಾಸದ ಪರವಾನಗಿ, ಎಷ್ಟೋ ಕಡೆ ಬ್ಯಾಂಕ್ ಖಾತೆ ಕೂಡ ಈ ನೋಂದಣಿಯನ್ನೇ ಹಿಡಿದುಕೊಂಡು ನಿಂತಿರುತ್ತವೆ. ಬಾಡಿಗೆದಾರರೇ ತಮ್ಮ ಕೋಣೆಯನ್ನು ಕೆಲವು ತಿಂಗಳಿಗೆ ಬೇರೆಯವರಿಗೆ ಕೊಡುವುದು ಇಲ್ಲಿ ಸಾಮಾನ್ಯ, ಅವರೂ ಆ ಪತ್ರಕ್ಕೆ ಸಹಿ ಮಾಡಬಹುದು; ಆದರೆ ಮಾಲೀಕರ ಒಪ್ಪಿಗೆ ಪಡೆಯದೆ ಕೊಡುವವರು ಸಹಿಯ ಮಾತೆತ್ತಿದೊಡನೆ ಹಿಂದೆ ಸರಿಯುತ್ತಾರೆ. ನೋಂದಣಿಯಿಲ್ಲದ ಚಂದದ ಕೋಣೆಗಿಂತ ನೋಂದಣಿಯಿರುವ ಕತ್ತಲೆಯ ಕೋಣೆಯೇ ಮೇಲು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಕಚೇರಿಯ ಸಮಯವನ್ನು ಮುಂಗಡ ಗೊತ್ತುಮಾಡಿಕೊಳ್ಳುವುದು ಕಷ್ಟ, ಆದರೆ ಬರ್ಲಿನ್ನಿನ ಯಾವ ಬಡಾವಣೆಯ ಕಚೇರಿಗಾದರೂ ಹೋಗಬಹುದು, ಬೇರೆಯವರು ರದ್ದುಪಡಿಸಿದ ಸಮಯಗಳು ಮುಂಜಾನೆ ಜಾಲತಾಣದಲ್ಲಿ ಕಾಣಿಸಿಕೊಳ್ಳುತ್ತವೆ.

ಇಡೀ ಮನೆಯನ್ನು ಬಾಡಿಗೆಗೆ ಕೊಡುವವರು ‘ಶೂಫಾ’ ಎಂಬ ಸಾಲದ ದಾಖಲೆಯನ್ನೂ ಸಂಬಳದ ಚೀಟಿಯನ್ನೂ ಕೇಳುತ್ತಾರೆ. ಹೊಸದಾಗಿ ಬಂದವರ ಬಳಿ ಎರಡೂ ಇರುವುದಿಲ್ಲ. ಹಾಗಾಗಿ ನಮ್ಮಂಥವರು ಹೆಚ್ಚಾಗಿ ಸೇರುವುದು ‘ವೇಗೇ’ಗೆ, ಅಂದರೆ ಮೂರು ನಾಲ್ಕು ಜನ ತಲಾ ಒಂದು ಕೋಣೆಯಲ್ಲಿದ್ದು ಅಡುಗೆಮನೆ, ಬಚ್ಚಲುಗಳನ್ನು ಹಂಚಿಕೊಳ್ಳುವ ಮನೆಗೆ. ಅಲ್ಲಿ ನಿಮ್ಮನ್ನು ಆರಿಸುವವರು ಮಾಲೀಕರಲ್ಲ, ಈಗಾಗಲೇ ಇರುವವರು. ನನ್ನ ನಾಲ್ಕನೆಯ ಸಂದರ್ಶನ ಒಂದು ಅಡುಗೆಮನೆಯ ಮೇಜಿನ ಸುತ್ತ ನಡೆಯಿತು. ಫ್ರಿಜ್ಜಿನ ಬಾಗಿಲಿನಲ್ಲಿ ಯಾರು ಯಾವ ವಾರ ಬಚ್ಚಲು ತೊಳೆಯಬೇಕೆಂಬ ಪಟ್ಟಿ ಅಂಟಿಸಿತ್ತು. ಬೇರೆಯವರು ತೊಳೆಯದೆ ಬಿಟ್ಟ ಬಾಣಲೆಯನ್ನು ಸಿಂಕಿನಲ್ಲಿ ಕಂಡರೆ ಏನು ಮಾಡುತ್ತೀಯೆಂದು ಕೇಳಿದರು. ಒಳ್ಳೆಯವನೆನಿಸಿಕೊಳ್ಳುವ ಆಸೆಯಿಂದ, ನಾನೇ ತೊಳೆದಿಡುತ್ತೇನೆ ಎಂದೆ. ಕೋಣೆ ಸಿಗಲಿಲ್ಲ. ಮುಂದಿನ ಮನೆಯಲ್ಲಿ ಹೆಚ್ಚುಕಡಿಮೆ ಅದೇ ಪ್ರಶ್ನೆ ಬಂದಾಗ, ಒಂದು ಸಲ ತೊಳೆಯುತ್ತೇನೆ, ಎರಡನೆಯ ಸಲ ಹೇಳುತ್ತೇನೆ ಎಂದೆ. ವೆಡ್ಡಿಂಗ್ ಬಡಾವಣೆಯಲ್ಲಿ 12 ಚದರ ಮೀಟರಿನ ಆ ಕೋಣೆಯಲ್ಲಿ ನಾನು ಮೂರು ವರ್ಷ ಇದ್ದೆ. ಇಲ್ಲಿನವರು ಮನಸ್ಸಿನಲ್ಲಿಟ್ಟುಕೊಂಡು ಮುಗುಳ್ನಗುವವರಿಗಿಂತ ನೇರವಾಗಿ ಹೇಳುವವರೊಂದಿಗೆ ಹೆಚ್ಚು ನೆಮ್ಮದಿಯಿಂದಿರುತ್ತಾರೆ, ಇದು ನನಗೆ ಅರ್ಥವಾಗಲು ನಾಲ್ಕು ಅಡುಗೆಮನೆಗಳು ಬೇಕಾದವು.

ಬಾಡಿಗೆಯ ಲೆಕ್ಕದಲ್ಲಿ ಎರಡು ಪದಗಳನ್ನು ಕಲಿತುಕೊಳ್ಳಿ. ‘ಕಾಲ್ಟ್‌ಮೀಟೆ’ ಎಂದರೆ ಬರಿಯ ಕೋಣೆಯ ಬಾಡಿಗೆ. ‘ವಾರ್ಮ್‌ಮೀಟೆ’ ಎಂದರೆ ಶಾಖ, ನೀರು ಮುಂತಾದ ಖರ್ಚುಗಳೂ ಸೇರಿದ್ದು. ವಿದ್ಯುತ್ತು, ಇಂಟರ್‌ನೆಟ್ಟು ಅದರಲ್ಲಿ ಸೇರಿವೆಯೇ ಎಂದು ಬೇರೆಯಾಗಿ ಕೇಳಬೇಕು. ಠೇವಣಿಯು ಮೂರು ತಿಂಗಳ ಕಾಲ್ಟ್‌ಮೀಟೆಯನ್ನು ಮೀರುವಂತಿಲ್ಲ, ಅದನ್ನು ಮೂರು ಮಾಸಿಕ ಕಂತುಗಳಲ್ಲಿ ಕೊಡುವ ಹಕ್ಕೂ ಕಾನೂನಿನಲ್ಲಿದೆ. ವೀಸಾಕ್ಕಾಗಿ ನಿರ್ಬಂಧಿತ ಬ್ಯಾಂಕ್ ಖಾತೆಯಲ್ಲಿಟ್ಟು ತೋರಿಸುವ 11,904 ಯೂರೋ ನಿಮ್ಮ ಕೈಗೆ ತಿಂಗಳಿಗೆ 992ರಂತೆ ಬರುತ್ತದೆ, ಒಟ್ಟಿಗೆ ಅಲ್ಲ. ಮೊದಲ ತಿಂಗಳು ಠೇವಣಿ, ಬಾಡಿಗೆ, ಹಾಸಿಗೆ, ದಪ್ಪ ಕೋಟು ಒಟ್ಟಿಗೇ ಎದುರಾಗುವುದರಿಂದ ಅದಕ್ಕೆ ಪ್ರತ್ಯೇಕವಾಗಿ ಸ್ವಲ್ಪ ಹಣವನ್ನು ತನ್ನಿರಿ. ಇದಲ್ಲದೆ ಪ್ರತಿ ಮನೆಗೂ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕವಿದೆ, ಮನೆಯಲ್ಲಿ ರೇಡಿಯೋ, ಟಿವಿ ಇಲ್ಲದಿದ್ದರೂ ಕೊಡಲೇಬೇಕು. ಅದು ತಲೆಗೆ ಅಲ್ಲ, ಮನೆಗೆ, ಹಾಗಾಗಿ ಹಂಚಿಕೊಳ್ಳಬಹುದು.

ವಿಶ್ವವಿದ್ಯಾಲಯ ದೂರವಾಗುತ್ತದೆಂದು ಹೆದರಿ ಊರ ನಡುವಿನಲ್ಲೇ ಹುಡುಕಬೇಡಿ. ಎಸ್‌ಬಾನ್, ಯೂಬಾನ್ ರೈಲುಗಳು ಸ್ಪಾಂಡೌ, ಮಾರ್ಟ್ಸಾನ್‌ನಂಥ ಅಂಚಿನ ಬಡಾವಣೆಗಳನ್ನೂ ಮುಟ್ಟುತ್ತವೆ.

ದಿನನಿತ್ಯದ ಬದುಕು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ರಾತ್ರಿ 10ರ ಬಳಿಕ ಸದ್ದು ಮಾಡುವಂತಿಲ್ಲ. ಇವೆರಡೂ ಒಂದು ತಿಂಗಳಲ್ಲಿ ರೂಢಿಯಾಗುತ್ತವೆ. ರೂಢಿಯಾಗದಿರುವುದು ಕತ್ತಲೆ. ಡಿಸೆಂಬರಿನಲ್ಲಿ ಸಂಜೆ 4ಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಆ ಹೊತ್ತಿಗೆ ಒಂದು ಭಾಷಾ ತರಗತಿಯನ್ನೋ ಆಟದ ಗುಂಪನ್ನೋ ಸೇರಿರಬೇಕು, ಏಕೆಂದರೆ ಆ ದಿನಗಳಲ್ಲಿ ಹೊರಡಲು ಕಾರಣವಿಲ್ಲದವರು ಕೋಣೆಯಿಂದ ಹೊರಡುವುದೇ ಇಲ್ಲ.

ಕೊನೆಯದಾಗಿ, ಸಣ್ಣದೆನಿಸಿದರೂ ನನ್ನನ್ನು ಆರು ವಾರ ಸತಾಯಿಸಿದ ಒಂದು ವಿಷಯ. ಇಲ್ಲಿನ ವಿಳಾಸಗಳಲ್ಲಿ ಸಾಮಾನ್ಯವಾಗಿ ಫ್ಲ್ಯಾಟಿನ ಸಂಖ್ಯೆ ಇರುವುದಿಲ್ಲ, ಅಂಚೆಯವರು ಕೆಳಗಿನ ಪೆಟ್ಟಿಗೆಗಳ ಮೇಲಿನ ಹೆಸರನ್ನು ನೋಡಿಯೇ ಕಾಗದ ಹಾಕುತ್ತಾರೆ. ಪೆಟ್ಟಿಗೆಯ ಮೇಲೆ ನನ್ನ ಹೆಸರಿಲ್ಲದ ಕಾರಣಕ್ಕೆ ಬ್ಯಾಂಕಿನ ಕಾರ್ಡು ಎರಡು ಸಲ ಮರಳಿಹೋಯಿತು. ಮೇಲಿನ ಮಹಡಿಯಲ್ಲಿ ಕುಳಿತು ನಾನು ಬ್ಯಾಂಕನ್ನೇ ಬೈಯುತ್ತಿದ್ದೆ. ತೆರಿಗೆ ಸಂಖ್ಯೆಯೂ ಅಂಚೆಯಲ್ಲೇ ಬರುತ್ತದೆ. ಕೈಚೀಲದಲ್ಲಿ ಒಂದು ದಪ್ಪ ಮೊನೆಯ ಪೆನ್ನನ್ನೂ ಅಂಟುಪಟ್ಟಿಯನ್ನೂ ಇಟ್ಟುಕೊಂಡು ಬನ್ನಿ, ಬೀಗದ ಕೈ ಕೈಗೆ ಬಂದ ದಿನವೇ ಮನೆಯವರನ್ನು ಕೇಳಿ ಪೆಟ್ಟಿಗೆಯ ಮೇಲೂ ಕರೆಗಂಟೆಯ ಪಕ್ಕದಲ್ಲೂ ಹೆಸರು ಅಂಟಿಸಿ, ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ.